ತೋಟ ಅಡ ಇಡೋ ಮುಂಚೆ: ಕೊಡಗಿಂದ ಹೊರದೇಶಕ್ಕೆ ಹೋಗೋರು ಮಾಡ್ಬೇಕಾದ ಲೆಕ್ಕ

ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರ ಎಲ್ಲಿ ಹೋಗಿ ಒಂದರ್ಧ ಗಂಟೆ ನಿಂತ್ರೂ ಈಗ ಇದೇ ಮಾತು ಕಿವಿಗೆ ಬೀಳುತ್ತೆ, ಮಗ ಕೆನಡಾಗೆ ಟ್ರೈ ಮಾಡ್ತಿದ್ದಾನೆ, ಮಗಳಿಗೆ ಐರ್ಲೆಂಡಲ್ಲಿ ನರ್ಸ್ ಕೆಲಸ ಆಯ್ತು, ತಮ್ಮ ಆಸ್ಟ್ರೇಲಿಯಾಗೆ ಫೈಲ್ ಹಾಕಿದ್ದಾನೆ. ಊರು ಬಿಟ್ಟು ಹೋಗೋದು ಕೊಡಗಿನವರಿಗೆ ಹೊಸದೇನಲ್ಲ. ಮಿಲಿಟರಿಗೆ ಹೋದ ತಲೆಮಾರುಗಳೇ ಇವೆ, ಮಡಿಕೇರಿಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1965ರಲ್ಲಿ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿ ಸೈಪ್ರಸ್‌ನಲ್ಲಿ ಇದ್ದಾಗಲೇ ತೀರ್ಕೊಂಡ್ರು. ಆದ್ರೆ ಮಿಲಿಟರಿಗೆ ಹೋದೋರು ರಿಟೈರ್ ಆಗಿ ಪೆನ್ಷನ್ ಜೊತೆ ಮನೆಗೆ ವಾಪಸ್ ಬರ್ತಿದ್ರು, ಹೋಗೋಕೆ ಕೈಯಿಂದ ದುಡ್ಡೂ ಹಾಕ್ಬೇಕಿರ್ಲಿಲ್ಲ. ಈಗಿನ ಹೋಗೋದು ಸಾಲ ಮಾಡಿ ಹೋಗೋದು, ಅಲ್ಲೇ ಸೆಟಲ್ ಆಗೋಕೆ ಅಂತ ಹೋಗೋದು.

ಯಾಕೆ ಹೋಗ್ತಾರೆ ಅಂತ ಕೇಳೋ ಹಾಗೇ ಇಲ್ಲ, ಕಾರಣ ಎಲ್ಲರಿಗೂ ಗೊತ್ತು. ಜಿಲ್ಲೆಗೆ ರೈಲಿಲ್ಲ, ಹೇಳ್ಕೊಳ್ಳೋ ಅಂಥ ಇಂಡಸ್ಟ್ರಿ ಇಲ್ಲ, ಓದಿದ ಹುಡುಗರಿಗೆ ಬೆಂಗಳೂರೇ ಗತಿ. ಸಿದ್ದಾಪುರ ಪಾಲಿಬೆಟ್ಟ ಕಡೆ ತೋಟದೊಳಗೆ ಆನೆ, 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಿದ್ದು ನೋಡಿದ್ಮೇಲೆ ಎಷ್ಟೋ ಜನಕ್ಕೆ ಭೂಮಿ ಮೇಲಿನ ನಂಬಿಕೇನೇ ಅಲ್ಲಾಡಿಹೋಯ್ತು. ಇದ್ರ ಮೇಲೆ 2024ರಲ್ಲಿ ರೋಬಸ್ಟಾ ಚೆರ್ರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಮೂಟೆಗೆ ಹತ್ತು ಸಾವಿರ ರೂಪಾಯಿ ದಾಟಿತಲ್ಲ, ಅಲ್ಲಿಂದ ಅಪ್ಪ ಅಮ್ಮಂದಿರಿಗೆ ಒಂದು ಧೈರ್ಯ ಬಂದಿದೆ, ಈಗಲೇ ಮಕ್ಕಳನ್ನ ಕಳಿಸಿಬಿಡೋಣ, ರೇಟ್ ಹೀಗೇ ಇದ್ರೆ ಸಾಲ ತೀರಿಸಬಹುದು ಅಂತ.

ಹೋಗ್ಬೇಡಿ ಅಂತ ಹೇಳೋಕೆ ನಾನು ಇದನ್ನ ಬರೀತಾ ಇಲ್ಲ. ಹೋಗಿ ಚೆನ್ನಾಗಿ ಬದುಕ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ. ನನ್ನ ಸಂಕಟ ಏನಂದ್ರೆ ನಮ್ಮ ಕಡೆ ಜನ ಲೆಕ್ಕ ಹಾಕ್ತಿರೋದು ಹಳೇ ರೂಲ್ಸ್ ಮೇಲೆ. ಹತ್ತು ವರ್ಷದ ಹಿಂದೆ ಹೋದ ಕಸಿನ್ ಒಬ್ಬ ಮನೆ ತಗೊಂಡ, ಕಾರ್ ತಗೊಂಡ, ಮದುವೆಗೆ ಬಂದಾಗ ಎಲ್ಲರೂ ನೋಡಿದ್ರು, ಅವನ ದಾರೀಲೇ ನಮ್ಮ ಹುಡುಗನೂ ಹೋಗ್ಲಿ ಅಂತಾರೆ. ಆ ದಾರಿ ಎಷ್ಟೋ ಕಡೆ ಮುಚ್ಚಿಹೋಗಿದೆ, ಇನ್ನೂ ಕೆಲವು ಕಡೆ ಪೂರ್ತಿ ಬದಲಾಗಿದೆ, ಅದನ್ನ ಹೇಳೋರು ಯಾರೂ ಇಲ್ಲ, ಹೇಳ್ಬೇಕಾದ ಏಜೆಂಟಿಗೆ ಹೇಳಿದ್ರೆ ಲಾಭ ಇಲ್ಲ.

ಮೊದಲು ಒಂದು ವಿಷಯ ತಲೇಲಿ ಕೂರಬೇಕು. ಹೊರದೇಶಕ್ಕೆ ಹೋಗಿ ಸೆಟಲ್ ಆಗೋದು ಅನ್ನೋದು ಒಂದು ಪರ್ಮಿಷನ್ ಅಲ್ಲ, ಬೇರೆ ಬೇರೆ ಪರ್ಮಿಷನ್‌ಗಳು. ಓದೋಕೆ ಒಂದು, ಓದಿದ್ಮೇಲೆ ಕೆಲಸ ಮಾಡೋಕೆ ಇನ್ನೊಂದು, ಅಲ್ಲೇ ಕಾಯಂ ಇರೋಕೆ ಮತ್ತೊಂದು (ಇದನ್ನೇ ಪಿಆರ್ ಅನ್ನೋದು), ಆಮೇಲೆ ಪೌರತ್ವ. ಒಂದು ಸಿಕ್ತು ಅಂದ್ರೆ ಮುಂದಿನದು ತಾನಾಗೇ ಬರುತ್ತೆ ಅನ್ನೋದು ಯಾವ ದೇಶದ ಕಾನೂನಲ್ಲೂ ಬರೆದಿಲ್ಲ. ಏಜೆಂಟ್ ಕೊಡಿಸೋದು ಮೊದಲನೇದು ಮಾತ್ರ, ಆದ್ರೆ ನಾಲ್ಕೂ ಸೇರಿಸಿ ಮಾರ್ತಾನೆ.

ಕೆನಡಾನೇ ತಗೊಳ್ಳಿ, ನಮ್ಮ ಕಡೆ ಜಾಸ್ತಿ ಹೆಸರು ಕೇಳೋದು ಅದೇ. 2021ರ ಫೆಬ್ರವರಿ 13ನೇ ತಾರೀಕು ಕೆನಡಾ ಒಂದೇ ದಿನ 27,332 ಜನಕ್ಕೆ ಪಿಆರ್ ಅರ್ಜಿ ಹಾಕಿ ಅಂತ ಕರೆ ಕೊಡ್ತು, ವಯಸ್ಸು, ಓದು, ಭಾಷೆ, ಅನುಭವ ನೋಡಿ ಕೊಡೋ ಪಾಯಿಂಟಲ್ಲಿ ಕಟ್ ಆಫ್ ಬರೀ 75, ಒಟ್ಟು 1200ರಲ್ಲಿ. ಕೋವಿಡ್ ಇತ್ತು, ಹೊರಗಿಂದ ಜನ ಬರೋ ಹಾಗಿರ್ಲಿಲ್ಲ, ಆಗಲೇ ಅಲ್ಲಿದ್ದು ಕೆಲಸ ಮಾಡ್ತಿದ್ದವರನ್ನೇ ಬಾಚಿ ತಗೊಂಡ್ರು. ಆವಾಗ ಅಲ್ಲಿದ್ದೋರ ಅದೃಷ್ಟ ಅದು. 2025ರಲ್ಲಿ ಅಲ್ಲೇ ಕೆಲಸ ಮಾಡಿ ಅನುಭವ ಇರೋರ ಕ್ಯಾಟಗರಿಗೇ ಕಟ್ ಆಫ್ 500ರ ಮೇಲೆ ಇತ್ತು. ಅದೇ ವರ್ಷ ಮಾರ್ಚ್ 25ರಿಂದ ಜಾಬ್ ಆಫರ್‌ಗೆ ಅಂತ ಕೊಡ್ತಿದ್ದ ಎಕ್ಸ್‌ಟ್ರಾ ಪಾಯಿಂಟುಗಳನ್ನೂ ತೆಗೆದುಹಾಕಿದ್ರು, ಯಾಕಂದ್ರೆ ಆಫರ್ ಲೆಟರುಗಳನ್ನ ದುಡ್ಡಿಗೆ ಮಾರೋ ದಂಧೆ ಶುರುವಾಗಿತ್ತು. 2025ಕ್ಕೆ ಐದು ಲಕ್ಷ ಜನಕ್ಕೆ ಪಿಆರ್ ಕೊಡ್ತೀವಿ ಅಂತಿದ್ದ ಸರ್ಕಾರ ಅದನ್ನ 3,95,000ಕ್ಕೆ ಇಳಿಸ್ತು. ಯಾಕೆ ಇಳಿಸ್ತು ಅಂದ್ರೆ ಅಲ್ಲಿ ಬಾಡಿಗೆ ಮನೆ ಸಿಗ್ತಿಲ್ಲ, ಆಸ್ಪತ್ರೇಲಿ ಡಾಕ್ಟರ್ ಸಿಗ್ತಿಲ್ಲ, ಅಲ್ಲಿನ ಜನ ಸಿಟ್ಟಾಗಿದ್ರು, ವೋಟಿನ ಪ್ರಶ್ನೆ.

ಸ್ಟೂಡೆಂಟ್ ದಾರಿಗೂ ಹಾಗೇ ಬೇಲಿ ಬಿತ್ತು. 2024ರ ಜನವರೀಲಿ ಸ್ಟಡಿ ಪರ್ಮಿಟ್‌ಗೆ ಮಿತಿ ಹಾಕಿದ್ರು, ಹಿಂದಿನ ವರ್ಷಕ್ಕಿಂತ ಶೇ. 35ರಷ್ಟು ಕಡಿಮೆ. ನಮ್ಮವರು ಬೇಗ ವೀಸಾ ಸಿಗುತ್ತೆ ಅಂತ ಹೋಗ್ತಿದ್ದ ಎಸ್‌ಡಿಎಸ್ ಅನ್ನೋ ಫಾಸ್ಟ್ ದಾರಿ 2024ರ ನವೆಂಬರ್ 8ಕ್ಕೆ ನಿಂತುಹೋಯ್ತು. ಅಕೌಂಟಲ್ಲಿ ತೋರಿಸ್ಬೇಕಾದ ದುಡ್ಡು, ಅಂದ್ರೆ ಫೀಸು ಟಿಕೆಟ್ ಬಿಟ್ಟು ಒಂದು ವರ್ಷದ ಜೀವನಕ್ಕೆ ಬೇಕು ಅಂತ ಕೇಳೋ ದುಡ್ಡು, 2023ರ ತನಕ 10,000 ಕೆನಡಾ ಡಾಲರ್ ಇತ್ತು, 2024ರ ಜನವರಿಗೆ 20,635 ಆಯ್ತು, 2025ರ ಸೆಪ್ಟೆಂಬರಿಗೆ 22,895. ರೂಪಾಯಿಗೆ ತಂದ್ರೆ ಸುಮಾರು 14 ಲಕ್ಷ. ಇದ್ರ ಮೇಲೆ ಕಾಲೇಜ್ ಫೀಸು.

ಪಾರ್ಟ್ ಟೈಮ್ ಮಾಡಿ ಫೀಸು ಕಟ್ಕೋತಾನೆ ಅನ್ನೋ ಮಾತು ಇದೆಯಲ್ಲ, ಅದನ್ನ ಪೆನ್ನು ಪೇಪರ್ ಇಟ್ಕೊಂಡು ಲೆಕ್ಕ ಹಾಕಿ ನೋಡೋಣ. ಕ್ಲಾಸ್ ನಡೆಯೋ ಟೈಮಲ್ಲಿ ವಾರಕ್ಕೆ 24 ಗಂಟೆ ಮಾತ್ರ ಕೆಲಸ ಮಾಡಬಹುದು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಕನಿಷ್ಠ ಕೂಲಿ 2025ರ ಅಕ್ಟೋಬರಿಂದ ಗಂಟೆಗೆ 17.60 ಡಾಲರ್. ವಾರಕ್ಕೆ 422 ಡಾಲರ್, ತಿಂಗಳಿಗೆ ಹೆಚ್ಚು ಕಡಿಮೆ 1,800, ಅದೂ ಪೂರ್ತಿ 24 ಗಂಟೆ ಕೆಲಸ ಸಿಕ್ಕಿದ್ರೆ. ಅದ್ರಲ್ಲಿ ರೂಮ್ ಬಾಡಿಗೆ, ಊಟ, ಬಸ್ ಪಾಸ್, ಫೋನು, ಚಳಿಗಾಲದ ಬಟ್ಟೆ. ಬದುಕೋಕೆ ಸಾಕಾಗಬಹುದು, ಕಾಲೇಜ್ ಫೀಸು ಅದ್ರಲ್ಲಿ ಹುಟ್ಟೋದಿಲ್ಲ. ಫೀಸು ಊರಿಂದ ಹೋಗ್ಬೇಕು, ಅಂದ್ರೆ ತೋಟದಿಂದ ಹೋಗ್ಬೇಕು.

ಇನ್ನು ಯಾರೂ ಬಾಯಿ ಬಿಡದ ವಿಷಯ ಒಂದಿದೆ, ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಇದೇ ಮುಖ್ಯ. ಓದು ಮುಗಿದ್ಮೇಲೆ ಕೋರ್ಸಿನ ಅವಧಿ ನೋಡಿ ಮೂರು ವರ್ಷದ ತನಕ ವರ್ಕ್ ಪರ್ಮಿಟ್ ಸಿಗುತ್ತೆ. ಆ ಟೈಮಲ್ಲಿ ಮಾಡಿದ ಕೆಲಸ ಪಿಆರ್‌ಗೆ ಲೆಕ್ಕಕ್ಕೆ ಬರಬೇಕಾದ್ರೆ ಅದು ಸ್ಕಿಲ್ಡ್ ಕೆಲಸ ಅಂತ ಸರ್ಕಾರದ ಪಟ್ಟಿಲಿ ಇರ್ಬೇಕು, ಅಂಥ ಕೆಲಸ ಒಂದು ವರ್ಷನಾದ್ರೂ ಮಾಡಿರ್ಬೇಕು. ಕಾಫಿ ಅಂಗಡಿ ಕೌಂಟರಲ್ಲಿ ನಿಂತಿದ್ದು, ವೇರ್‌ಹೌಸಲ್ಲಿ ಬಾಕ್ಸ್ ಪ್ಯಾಕ್ ಮಾಡಿದ್ದು, ಓದ್ತಾ ಓದ್ತಾ ಮಾಡಿದ ಪಾರ್ಟ್ ಟೈಮು, ಇದ್ಯಾವುದೂ ಆ ಅನುಭವದ ಕ್ಯಾಟಗರಿಗೆ ಲೆಕ್ಕಕ್ಕೆ ಬರಲ್ಲ. ಮೂರು ವರ್ಷ ಹಗಲು ರಾತ್ರಿ ದುಡಿದು ಪಿಆರ್ ಖಾತೆಗೆ ಸೊನ್ನೆ ಸೇರಿಸ್ಕೊಂಡ ಹುಡುಗರು ಇದ್ದಾರೆ, ತಪ್ಪು ಅವರ ಮೈಗಳ್ಳತನದ್ದಲ್ಲ, ಹೊರಡೋ ಮುಂಚೆ ಈ ರೂಲ್ ಯಾರೂ ಅವರಿಗೆ ಹೇಳಿರ್ಲಿಲ್ಲ. ಕೋರ್ಸಿನ ವಿಷಯದಲ್ಲೂ ಹಾಗೇ, 2024ರ ನವೆಂಬರಿಂದ ಡಿಗ್ರಿ ಅಲ್ಲದ ಡಿಪ್ಲೊಮಾ ಸರ್ಟಿಫಿಕೇಟ್ ಕೋರ್ಸುಗಳಲ್ಲಿ ಸರ್ಕಾರ ಹೇಳಿದ ಸಬ್ಜೆಕ್ಟ್‌ಗಳನ್ನ ಓದಿದ್ರೆ ಮಾತ್ರ ಆ ವರ್ಕ್ ಪರ್ಮಿಟ್ಟು. ಬಿಕಾಂ ಮಾಡಿದ ಹುಡುಗ ಅಲ್ಲಿ ಹೋಗಿ ಯಾವುದೋ ಮ್ಯಾನೇಜ್‌ಮೆಂಟ್ ಡಿಪ್ಲೊಮಾಗೆ ಸೇರಿದ್ರೆ ಓದು ಮುಗಿದ ದಿನ ವಾಪಸ್ ಟಿಕೆಟ್ ತಗೋಬೇಕಾಗಬಹುದು. ಸೇರೋ ಮುಂಚೆ ಆ ಕಾಲೇಜು, ಆ ಕೋರ್ಸು, ಎರಡಕ್ಕೂ ವರ್ಕ್ ಪರ್ಮಿಟ್ ಇದೆಯಾ ಅಂತ ಕೆನಡಾ ಸರ್ಕಾರದ ವೆಬ್‌ಸೈಟಲ್ಲೇ ನೋಡ್ಕೊಳ್ಳಿ, ಏಜೆಂಟ್ ಕಳಿಸಿದ ಪಿಡಿಎಫ್‌ನಲ್ಲಿ ಅಲ್ಲ.

ಏಜೆಂಟ್ ವಿಷಯಕ್ಕೇ ಬರ್ತೀನಿ. ಸರ್ವಿಸ್ ಫ್ರೀ ಅಂತ ಬೋರ್ಡ್ ಹಾಕಿರ್ತಾರಲ್ಲ, ಅವರಿಗೆ ದುಡ್ಡು ಎಲ್ಲಿಂದ ಬರುತ್ತೆ? ಹುಡುಗನ್ನ ಸೇರಿಸಿದ ಕಾಲೇಜಿಂದ ಬರುತ್ತೆ, ಕಮಿಷನ್. ಯಾವ ಕಾಲೇಜು ಜಾಸ್ತಿ ಕಮಿಷನ್ ಕೊಡುತ್ತೋ ಆ ಕಾಲೇಜೇ ನಿಮ್ಮ ಮಗನಿಗೆ ಬೆಸ್ಟ್ ಅಂತ ಕಾಣಿಸುತ್ತೆ. ಎಲ್ಲರೂ ಕೆಟ್ಟೋರು ಅಂತಲ್ಲ, ಒಳ್ಳೇ ಸಲಹೆ ಕೊಡೋರೂ ಇದ್ದಾರೆ, ಆದ್ರೆ ಅವರ ಆದಾಯ ನಿಮ್ಮ ಮಗ ಹೋಗೋದ್ರ ಮೇಲೆ ನಿಂತಿದೆ, ಹೋಗಿ ಏನಾದ ಅನ್ನೋದ್ರ ಮೇಲೆ ಅಲ್ಲ. ಪಂಜಾಬಿನ ನೂರಾರು ಹುಡುಗರು ನಕಲಿ ಅಡ್ಮಿಷನ್ ಲೆಟರ್ ಮೇಲೆ ಕೆನಡಾ ಸೇರಿ, ವರ್ಷಗಳಾದ್ಮೇಲೆ ಪಿಆರ್ ಅರ್ಜಿ ಹಾಕೋವಾಗ ಸಿಕ್ಕಿಬಿದ್ದಿದ್ದು 2023ರಲ್ಲಿ ದೊಡ್ಡ ಸುದ್ದಿ ಆಯ್ತು. ಅಷ್ಟಾದ್ಮೇಲೆ ಆ ವರ್ಷದ ಡಿಸೆಂಬರಿಂದ ಕೆನಡಾ ಪ್ರತಿ ಲೆಟರನ್ನೂ ಕಾಲೇಜಿಗೇ ಕೇಳಿ ಪರೀಕ್ಷೆ ಮಾಡೋಕೆ ಶುರು ಮಾಡ್ತು. ಕಾನೂನಿನ ಕಡೆಯಿಂದ ಒಂದು ಗೊತ್ತಿರ್ಲಿ, ಹೊರದೇಶದ ಕೆಲಸಕ್ಕೆ ಜನ ಕಳಿಸೋ ಏಜೆಂಟ್ 1983ರ ಎಮಿಗ್ರೇಷನ್ ಕಾಯಿದೆ ಪ್ರಕಾರ ರಿಜಿಸ್ಟರ್ ಆಗಿರ್ಲೇಬೇಕು, ನಂಬರ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಲ್ಲಿ ಸಿಗುತ್ತೆ. ಓದೋಕೆ ಕಳಿಸೋ ಕನ್ಸಲ್ಟೆನ್ಸಿಗಳು ಆ ಕಾಯಿದೆ ಕೆಳಗೆ ಬರಲ್ಲ. ಒಂದು ರೂಮು, ಎರಡು ಕುರ್ಚಿ, ಗೋಡೆ ಮೇಲೆ ಬಾವುಟ ಇದ್ರೆ ಅಂಗಡಿ ತೆಗೀಬಹುದು. ಪಿಆರ್ ಗ್ಯಾರಂಟಿ ಅಂತ ಯಾರಾದ್ರೂ ಬಾಯಲ್ಲಿ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಬೇರೆ ದೇಶಗಳದ್ದು ಬೇಗ ಹೇಳ್ಬಿಡ್ತೀನಿ. ಯುಕೆಲಿ 2024ರ ಜನವರಿಯಿಂದ ರಿಸರ್ಚ್ ಮಾಡೋರನ್ನ ಬಿಟ್ರೆ ಸ್ಟೂಡೆಂಟ್‌ಗಳು ಗಂಡ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ. ವೃದ್ಧರನ್ನ ನೋಡ್ಕೊಳ್ಳೋ ಕೇರ್ ವರ್ಕರ್ ಕೆಲಸಕ್ಕೆ ಅಂತ ನಮ್ಮ ಕಡೆಯಿಂದ ಲಕ್ಷಗಟ್ಟಲೆ ಕೊಟ್ಟು ಹೋದ್ರಲ್ಲ, ಆ ಕೆಲಸಕ್ಕೆ ಹೊರಗಿಂದ ಹೊಸಬರನ್ನ ತಗೊಳ್ಳೋದು 2025ರ ಜುಲೈ 22ಕ್ಕೆ ನಿಂತೇಹೋಯ್ತು, ಇನ್ನೂ ಅದಕ್ಕೆ ಅಂತ ದುಡ್ಡು ಕೇಳೋರು ಇದ್ರೆ ಅದು ಶುದ್ಧ ಮೋಸ. ಅದೇ ದಿನದಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಮಾಮೂಲಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಇರ್ಬೇಕು ಅಂತ ಆಯ್ತು. ಆಸ್ಟ್ರೇಲಿಯಾ ಸ್ಟೂಡೆಂಟ್ ವೀಸಾ ಅರ್ಜಿ ಫೀಸು 2024ರ ಮಧ್ಯದ ತನಕ ಅಲ್ಲಿನ 710 ಡಾಲರ್ ಇತ್ತು, ಒಂದೇ ವರ್ಷದಲ್ಲಿ 2,000ಕ್ಕೆ ಏರ್ತು, ವೀಸಾ ಸಿಗದಿದ್ರೂ ಅದು ವಾಪಸ್ ಬರಲ್ಲ. ಅಮೆರಿಕಾದ್ದು ಇನ್ನೊಂದು ಥರ, ಅಲ್ಲಿ ಕೆಲಸ ಸಿಕ್ಕಿದ್ರೂ ಎಚ್1ಬಿ ಅನ್ನೋ ಕೆಲಸದ ವೀಸಾಗೆ ಲಾಟರಿ, ವರ್ಷಕ್ಕೆ 85,000 ಮಾತ್ರ, 2025ರ ಸೆಪ್ಟೆಂಬರಿಂದ ದೇಶದ ಹೊರಗಿಂದ ಹೊಸಬರನ್ನ ಕರೆಸೋ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಆದೇಶ ಬಂತು. ಅದೆಲ್ಲ ದಾಟಿದ್ರೂ ಗ್ರೀನ್ ಕಾರ್ಡಲ್ಲಿ, ಅಂದ್ರೆ ಅಲ್ಲಿನ ಪಿಆರ್‌ನಲ್ಲಿ, ಒಂದು ದೇಶಕ್ಕೆ ಶೇ. 7 ಅನ್ನೋ ಮಿತಿ ಇರೋದ್ರಿಂದ ಭಾರತೀಯರ ಕ್ಯೂ ಹತ್ತು ವರ್ಷಕ್ಕೂ ಹಿಂದೆ ಬಿದ್ದಿದೆ. ಜರ್ಮನಿ ಇದ್ರಲ್ಲಿ ಸ್ವಲ್ಪ ಬೇರೆ, ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚು ಕಡೆ ಟ್ಯೂಷನ್ ಫೀಸ್ ಇಲ್ಲ, ಬ್ಲಾಕ್ಡ್ ಅಕೌಂಟಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಅದು ನಿಮ್ಮದೇ ದುಡ್ಡು, ತಿಂಗಳು ತಿಂಗಳು ವಾಪಸ್ ತಗೋಬಹುದು. ಆದ್ರೆ ಜರ್ಮನ್ ಭಾಷೆ ಕಲೀದೆ ಅಲ್ಲಿ ಕೆಲಸ ಅಂತ ಹುಡುಕೋದು ಬಹಳ ಕಷ್ಟ, ಕ್ಲಾಸು ಇಂಗ್ಲಿಷಲ್ಲಿ ಇದ್ರೂ ಕೂಡ.

ನರ್ಸಿಂಗ್ ಮಾಡಿದೋರ ಕಥೆ ಮಾತ್ರ ಇದ್ರಿಂದ ಬೇರೆ, ಅದನ್ನ ಬಿಡಿಸಿ ಹೇಳ್ಬೇಕು. ಬಿಎಸ್ಸಿ ನರ್ಸಿಂಗ್ ಮುಗಿಸಿ ಮೈಸೂರಲ್ಲೋ ಮಂಗಳೂರಲ್ಲೋ ಒಂದೆರಡು ವರ್ಷ ವಾರ್ಡಲ್ಲಿ ಕೆಲಸ ಮಾಡಿ, ಐಇಎಲ್‌ಟಿಎಸ್ ಇಲ್ಲ ಒಇಟಿ ಅನ್ನೋ ಇಂಗ್ಲಿಷ್ ಪರೀಕ್ಷೆ ಪಾಸ್ ಮಾಡಿ ಹೋಗೋ ಹುಡುಗಿಯರ ದಾರಿ ಉದ್ದ, ಆದ್ರೆ ನೆಟ್ಟಗಿದೆ. ಯುಕೆ ಆದ್ರೆ ಇಲ್ಲೇ ಕೂತು ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆ, ಅಲ್ಲಿ ಹೋಗಿ ಓಸ್ಕಿ ಅಂತ ಪ್ರಾಕ್ಟಿಕಲ್ಲು. ಅಮೆರಿಕಾ ಕೆನಡಾಕ್ಕೆ ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ. ಜರ್ಮನಿಗೆ ಬಿ2 ಮಟ್ಟದ ಜರ್ಮನ್. ಎಲ್ಲದಕ್ಕೂ ಇಲ್ಲಿನ ನರ್ಸಿಂಗ್ ಕೌನ್ಸಿಲಿಂದ ವೆರಿಫಿಕೇಷನ್ ಹೋಗ್ಬೇಕು, ಅದಕ್ಕೇ ತಿಂಗಳುಗಳು ಹಿಡಿಯುತ್ತೆ. ಇವರು ವಿಮಾನ ಹತ್ತೋ ಹೊತ್ತಿಗೆ ಕೈಯಲ್ಲಿ ಒಂದು ಕೆಲಸ, ಒಂದು ಲೈಸೆನ್ಸಿನ ದಾರಿ, ತಿಂಗಳ ಸಂಬಳ ಇರುತ್ತೆ, ತಲೆ ಮೇಲೆ ದೊಡ್ಡ ಸಾಲ ಇರಲ್ಲ. ಸ್ಟೂಡೆಂಟ್ ವೀಸಾದಲ್ಲಿ ಹೋದ ಹುಡುಗ ಮೊದಲು ಸಾಲ ಮಾಡಿ ಆಮೇಲೆ ಕೆಲಸ ಹುಡುಕ್ತಾನೆ, ನರ್ಸು ಮೊದಲು ಕೆಲಸ ಹಿಡಿದು ಆಮೇಲೆ ಹೊರಡ್ತಾಳೆ. ಊರಲ್ಲಿ ಮಾತ್ರ ಇಬ್ಬರನ್ನೂ ಒಂದೇ ಲೆಕ್ಕಕ್ಕೆ ಫಾರಿನ್ ಅಂತಾರೆ. ಎಲೆಕ್ಟ್ರಿಷಿಯನ್, ವೆಲ್ಡರ್ ಇಂಥ ಕೈಕೆಲಸ ಕಲಿತೋರಿಗೂ ಒಳ್ಳೇ ದಾರಿಗಳಿವೆ, ನಮ್ಮ ಕಡೆ ಐಟಿಐ ಅಂದ್ರೆ ಮೂಗು ಮುರಿಯೋದ್ರಿಂದ ಅದನ್ನ ಯಾರೂ ನೋಡ್ತಿಲ್ಲ.

ಗಲ್ಫ್ ಬಗ್ಗೆ ಹೇಳದಿದ್ರೆ ಕೊಡಗಿನ ಅರ್ಧ ಕಥೆ ಬಿಟ್ಟ ಹಾಗೆ. ನಾಪೋಕ್ಲು, ಕೊಂಡಂಗೇರಿ, ಸುಂಟಿಕೊಪ್ಪ, ವಿರಾಜಪೇಟೆ ಸುತ್ತಮುತ್ತ ಗಲ್ಫ್ ದುಡ್ಡಲ್ಲಿ ಎದ್ದ ಮನೆಗಳು, ಆದ ಮದುವೆಗಳು, ಓದಿದ ಮಕ್ಕಳು ಎಷ್ಟೋ. 2018ರ ಕೊನೇಲಿ ಕಣ್ಣೂರು ಏರ್‌ಪೋರ್ಟ್ ಶುರುವಾದ್ಮೇಲೆ ಹೋಗಿ ಬರೋದೂ ಹತ್ತಿರ ಆಯ್ತು. ಆದ್ರೆ ಅದು ಸೆಟಲ್ ಆಗೋ ದಾರಿ ಅಲ್ಲ ಅಂತ ಹೋಗೋರಿಗೆ ಮೊದಲೇ ಗೊತ್ತು, ಕೆಲಸ ಮುಗಿದ್ರೆ ವೀಸಾ ಮುಗೀತು, ಮೂವತ್ತು ವರ್ಷ ಇದ್ರೂ ವಾಪಸ್ ಊರಿಗೇ ಬರ್ಬೇಕು, ಹಾಗಾಗಿ ದುಡ್ಡನ್ನ ಊರಿಗೆ ಕಳಿಸಿ ಊರಲ್ಲೇ ಬೇರು ಬಿಡ್ತಾರೆ. ನಿರೀಕ್ಷೆ ಮತ್ತು ವಾಸ್ತವ ಅಲ್ಲಿ ಒಂದಕ್ಕೊಂದು ಹತ್ತಿರ ಇದೆ, ಕೆನಡಾಕ್ಕೆ ಹೋಗೋರಿಗಿಂತ ಈ ವಿಷಯದಲ್ಲಿ ಅವರ ಲೆಕ್ಕ ಗಟ್ಟಿ. ಅಪಾಯ ಇರೋದು ಬೇರೆ ಕಡೆ. ಹತ್ತನೇ ಕ್ಲಾಸ್ ಪಾಸ್ ಆಗದೋರು ಕೆಲಸಕ್ಕೆ 18 ದೇಶಗಳಿಗೆ ಹೋಗೋಕೆ ಎಮಿಗ್ರೇಷನ್ ಕ್ಲಿಯರೆನ್ಸ್ ಅನ್ನೋ ನಮ್ಮ ಸರ್ಕಾರದ ಒಪ್ಪಿಗೆ ಬೇಕು, ಗಲ್ಫ್ ದೇಶಗಳೆಲ್ಲ ಅದ್ರಲ್ಲಿವೆ. ಅದನ್ನ ತಪ್ಪಿಸೋಕೆ ವಿಸಿಟ್ ವೀಸಾದಲ್ಲಿ ಕಳಿಸಿ, ಅಲ್ಲಿ ಹೋದ್ಮೇಲೆ ಕೆಲಸದ ವೀಸಾಗೆ ಬದಲಾಯಿಸ್ತೀವಿ ಅಂತ ಏಜೆಂಟ್ ಹೇಳ್ತಾನೆ. ಬದಲಾಗಲಿಲ್ಲ ಅಂದ್ರೆ ಆ ಮನುಷ್ಯ ಅಲ್ಲಿ ಕಾನೂನಿನ ಪ್ರಕಾರ ಇಲ್ಲವೇ ಇಲ್ಲ, ಸಂಬಳ ಕೊಡದಿದ್ರೂ ಯಾರನ್ನ ಕೇಳ್ತಾನೆ. ಸರಿಯಾದ ದಾರೀಲಿ ಹೋದ್ರೆ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, 10 ಲಕ್ಷದ ಇನ್ಶೂರೆನ್ಸ್ ಇರುತ್ತೆ. ಈಚೆಗೆ ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ ಕೆಲಸ, ಲಕ್ಷ ಸಂಬಳ ಅಂತ ಕರೆಸಿ ಮ್ಯಾನ್ಮಾರ್ ಗಡಿಯ ಸೈಬರ್ ಮೋಸದ ಕೇಂದ್ರಗಳಲ್ಲಿ ಕೂಡಿಹಾಕೋದು ಬೇರೆ ನಡೀತಿದೆ, 2025ರ ಮಾರ್ಚಲ್ಲಿ ಅಲ್ಲಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನ ವಾಯುಪಡೆ ವಿಮಾನದಲ್ಲಿ ವಾಪಸ್ ಕರ್ಕೊಂಡು ಬಂದ್ರು. ಟೆಲಿಗ್ರಾಮಲ್ಲಿ ಬಂದ ಕೆಲಸಕ್ಕೆ ಪಾಸ್‌ಪೋರ್ಟ್ ಕಳಿಸೋ ಹುಡುಗರು ಇದನ್ನ ಸ್ವಲ್ಪ ಓದ್ಬೇಕು.

ಈಗ ನಾನು ಹೇಳೋದು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದ್ರೂ ಹೇಳ್ತೀನಿ. ಹೊರದೇಶದಲ್ಲಿ ಹೊಸಬರಾಗಿ ಬದುಕೋದು ಹೇಗಿರುತ್ತೆ ಅಂತ ತಿಳ್ಕೊಳ್ಳೋಕೆ ಯೂಟ್ಯೂಬ್ ವ್ಲಾಗ್ ನೋಡೋ ಅಗತ್ಯ ಇಲ್ಲ, ನಮ್ಮದೇ ತೋಟದ ಕೆಲಸದೋರು ಇರೋ ಲೈನ್ ಮನೆ ನೋಡಿದ್ರೆ ಸಾಕು. ಅಸ್ಸಾಂ, ಬಂಗಾಳದಿಂದ ಬಂದ ಕೆಲಸದೋರು ಇಲ್ದಿದ್ರೆ ಇವತ್ತು ಕೊಡಗಲ್ಲಿ ಕಾಫಿ ಕುಯ್ಯೋರಿಲ್ಲ. ಒಂದೊಂದು ರೂಮಲ್ಲಿ ಎಷ್ಟೋ ಜನ, ಗೊತ್ತಿಲ್ಲದ ಭಾಷೆ, ತಿಂಗಳ ದುಡ್ಡಲ್ಲಿ ಹೆಚ್ಚಿನ ಪಾಲು ಊರಿಗೆ, ಹುಷಾರಿಲ್ದಿದ್ರೂ ರಜೆ ಹಾಕೋಕೆ ಭಯ. ಊರವರ ಬಾಯಲ್ಲಿ ಇವರು ಎಲ್ಲಿಂದ ಬಂದೋರೋ, ದಾಖಲೆ ಇದೆಯೋ ಇಲ್ಲವೋ, ಇವರಿಂದ ಊರು ಕೆಡ್ತಿದೆ ಅನ್ನೋ ಮಾತು, ಎಲ್ಲಾದ್ರೂ ಏನಾದ್ರೂ ಕಳ್ಳತನ ಆದ್ರೆ ಮೊದಲು ಇವರ ಮೇಲೇ ಕಣ್ಣು. ಇದೇ ಮಾತುಗಳನ್ನ ಈಗ ನಮ್ಮ ಮಕ್ಕಳ ಬಗ್ಗೆ ಅಲ್ಲಿ ಆಡ್ತಿದ್ದಾರೆ. ಕೆನಡಾದ ಬ್ರಾಂಪ್ಟನ್‌ನ ಬೇಸ್‌ಮೆಂಟಲ್ಲಿ ಆರೇಳು ಹುಡುಗರು ಒಟ್ಟಿಗೆ ಇರ್ತಾರೆ, ಬಾಡಿಗೆ ಏರಿದ್ದು ಇವರಿಂದ ಅಂತಾರೆ. 2025ರ ಆಗಸ್ಟ್ 31ಕ್ಕೆ ಆಸ್ಟ್ರೇಲಿಯಾದ ಊರೂರಲ್ಲಿ ವಲಸೆ ವಿರುದ್ಧ ಮೆರವಣಿಗೆ ಆಯ್ತಲ್ಲ, ಅದ್ರ ಪ್ರಚಾರದಲ್ಲಿ ಭಾರತೀಯರ ಹೆಸರೇ ಹಾಕಿದ್ರು. ಅದೇ ವರ್ಷ ಜುಲೈ ಆಗಸ್ಟಲ್ಲಿ ಐರ್ಲೆಂಡಲ್ಲಿ ಭಾರತೀಯರ ಮೇಲೆ ಹಲ್ಲೆಗಳಾಗಿ ಡಬ್ಲಿನ್‌ನ ನಮ್ಮ ಎಂಬಸಿ ಹುಷಾರಾಗಿರಿ ಅಂತ ಸೂಚನೆ ಕೊಡ್ಬೇಕಾಯ್ತು.

ಎಲ್ಲ ಕಡೆ ಎಲ್ಲರೂ ಹೀಗೇ ಅಂತಲ್ಲ, ಒಳ್ಳೇ ಪಕ್ಕದ ಮನೆಯವರು, ಹೆಸರು ತಪ್ಪಿಲ್ಲದೆ ಕರೆಯೋಕೆ ಕಲಿಯೋ ಸಹೋದ್ಯೋಗಿಗಳು ಅಲ್ಲೂ ಇದ್ದಾರೆ. ಆದ್ರೆ ಊರಲ್ಲಿ ಇಂಥ ಮನೆತನದ ಹುಡುಗ ಅಂತ ಗುರುತು ಇದ್ದು ಬೆಳೆದೋರಿಗೆ ಯಾರಿಗೂ ಏನೂ ಅಲ್ಲದೆ ಇರೋದು ಮೊದಲ ಒಂದೆರಡು ವರ್ಷ ಬಹಳ ಭಾರ ಆಗುತ್ತೆ. ಪುತ್ತರಿ, ಅಂದ್ರೆ ನಮ್ಮ ಸುಗ್ಗಿ ಹಬ್ಬದ ದಿನ ಮನೆಯವರೆಲ್ಲ ಕದಿರು ತೆಗೆಯೋಕೆ ಗದ್ದೆಗೆ ಇಳಿಯೋ ಹೊತ್ತಿಗೆ ಅವನು ಅಲ್ಲಿ ಶಿಫ್ಟಲ್ಲಿ ಇರ್ತಾನೆ, ಫೋನಲ್ಲಿ ಚೆನ್ನಾಗಿದೀನಿ ಅಂತಾನೆ. ಚೆನ್ನಾಗಿದೀನಿ ಅಂದ್ರೆ ಇನ್ನೊಂದು ಸಲ ಕೇಳಿ ಅಂತ ಅಪ್ಪ ಅಮ್ಮಂದಿರಿಗೆ ಹೇಳೋಕೆ ಇಷ್ಟಪಡ್ತೀನಿ. ಊರಿಗೆ ಬಂದಾಗ ಗಿಫ್ಟ್ ತರ್ಲಿಲ್ಲ, ಮದುವೆಗೆ ದುಡ್ಡು ಕೊಡ್ಲಿಲ್ಲ ಅಂತ ಅಳೆಯೋದನ್ನೂ ನಾವು ಬಿಡ್ಬೇಕು, ಆ ಭಯಕ್ಕೇ ಎಷ್ಟೋ ಹುಡುಗರು ಕಷ್ಟ ಬಾಯಿಬಿಟ್ಟು ಹೇಳಲ್ಲ.

ಕುಶಾಲನಗರದಲ್ಲಿ ಕಾವೇರಿ ದಾಟಿದ್ರೆ ಬೈಲುಕುಪ್ಪೆ. 1960ರ ಹೊತ್ತಿಗೆ ಬಂದ ಟಿಬೆಟನ್ನರು ಕಾಡು ಕಡಿದು ಜೋಳ ಬೆಳೆದು ಊರು ಕಟ್ಟಿದ್ರು, ಮಕ್ಕಳು ಮೊಮ್ಮಕ್ಕಳು ಇಲ್ಲೇ ಹುಟ್ಟಿ ಕನ್ನಡ ಮಾತಾಡ್ತಾರೆ, ಆದ್ರೂ ಹೆಚ್ಚಿನವರು ಇವತ್ತಿಗೂ ವಿದೇಶಿಯರ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ರಿನ್ಯೂ ಮಾಡಿಸ್ಕೊಂಡೇ ಇರ್ಬೇಕು. ಈಗ ಅಲ್ಲಿನ ಹುಡುಗರೂ ಅಮೆರಿಕಾ ಕೆನಡಾ ಅಂತ ಹೋಗ್ತಿದ್ದಾರೆ. ಒಂದು ಜಾಗದಲ್ಲಿ ಎಷ್ಟು ವರ್ಷ ಬದುಕಿದ್ರು ಅನ್ನೋದು ಬೇರೆ, ಕಾಗದದಲ್ಲಿ ಏನು ಹಕ್ಕಿದೆ ಅನ್ನೋದು ಬೇರೆ, ಇದನ್ನ ನಮಗಿಂತ ಚೆನ್ನಾಗಿ ಅವರು ಬಲ್ಲರು. ಅದಕ್ಕೇ ವೀಸಾ ಕ್ಯಾಟಗರಿ ಹೆಸರು, ಮುಗಿಯೋ ತಾರೀಕು, ಕೆಲಸ ಬದಲಾಯಿಸಬಹುದಾ ಇಲ್ವಾ, ಇಷ್ಟು ಹುಡುಗನಿಗೆ ಬಾಯಿಪಾಠ ಇರ್ಬೇಕು, ಮನೆಯವರಿಗೂ ಗೊತ್ತಿರ್ಬೇಕು.

ಇನ್ನು ಸಾಲ. ಏಳೂವರೆ ಲಕ್ಷದ ಮೇಲಿನ ಎಜುಕೇಷನ್ ಲೋನಿಗೆ ಸಾಮಾನ್ಯವಾಗಿ ಬ್ಯಾಂಕು ಅಡಮಾನ ಕೇಳುತ್ತೆ. ನಮ್ಮಲ್ಲಿ ಜಮ್ಮಾ ಜಾಗದ, ಅಂದ್ರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ ಭೂಮಿಯ ಆರ್‌ಟಿಸಿಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರು, ಕುಟುಂಬದ ಹತ್ತಾರು ಜನರ ಹೆಸರು ಇರೋದ್ರಿಂದ ಎಷ್ಟೋ ಸಲ ಬ್ಯಾಂಕು ಒಪ್ಪಲ್ಲ, ಆಗ ಜನ ಚಿನ್ನ ಇಡ್ತಾರೆ, ಕೈಸಾಲ ಮಾಡ್ತಾರೆ, ಇಲ್ಲ ಮುಂದಿನ ವರ್ಷದ ಕಾಫಿ ಮೇಲೆ ವ್ಯಾಪಾರಿ ಹತ್ರ ಅಡ್ವಾನ್ಸ್ ತಗೋತಾರೆ. ಉದಾಹರಣೆಗೆ 30 ಲಕ್ಷ, ಶೇ. 11 ಬಡ್ಡಿ, ಹತ್ತು ವರ್ಷ ಅಂತ ಇಟ್ಕೊಳ್ಳಿ, ತಿಂಗಳ ಕಂತು 41 ಸಾವಿರದ ಮೇಲೆ. ಓದೋ ಟೈಮಲ್ಲಿ ಕಂತು ಇಲ್ಲ ಅಂದ್ರೂ ಬಡ್ಡಿ ವರ್ಷಕ್ಕೆ ಮೂರು ಲಕ್ಷ ಮೂವತ್ತು ಸಾವಿರ ಓಡ್ತಾನೇ ಇರುತ್ತೆ. ಕಾಫಿ ದುಡ್ಡು ಬರೋದು ವರ್ಷಕ್ಕೆ ಒಂದು ಸಲ, ಕಂತು ಕಟ್ಟೋದು ವರ್ಷಕ್ಕೆ ಹನ್ನೆರಡು ಸಲ. ಕಾಫಿ ಹೂ ಅರಳಿಸೋ ಹೂ ಮಳೆ ಒಂದು ವರ್ಷ ಕೈ ಕೊಟ್ರೆ, ರೇಟ್ ಹಳೇ ಮಟ್ಟಕ್ಕೆ ಬಂದ್ರೆ, ಇವೆರಡೂ ನಮ್ಮ ಕೈಲಿಲ್ಲ. ನನ್ನ ಅಭಿಪ್ರಾಯ ಖಡಕ್ಕಾಗೇ ಇದೆ, ಆ ಡಿಗ್ರಿ ಇಟ್ಕೊಂಡು ಭಾರತಕ್ಕೆ ವಾಪಸ್ ಬಂದ್ರೂ ಒಂದು ಕೆಲಸ ಸಿಗುತ್ತೆ ಅನ್ನೋ ಹಾಗಿದ್ರೆ ಮಾತ್ರ ಅದಕ್ಕೆ ತೋಟ ಅಡ ಇಡಿ. ಪಿಆರ್ ಸಿಕ್ಕಿದ್ರೆ ಮಾತ್ರ ಬೆಲೆ ಇರೋ ಕೋರ್ಸಿಗೆ, ಬೇಡ.

ಡಾಲರಲ್ಲಿ ದುಡಿದು ಪಕ್ಕದ ತೋಟ ತಗೊಳ್ತೀನಿ ಅನ್ನೋ ಕನಸೂ ಬಹಳ ಜನಕ್ಕೆ ಇದೆ. ಕಾನೂನು ಅದಕ್ಕೆ ಬಿಡಲ್ಲ. ಎನ್‌ಆರ್‌ಐ ಆಗಿರೋ ತನಕ ಕೃಷಿ ಭೂಮಿ, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಂಡ್ಕೊಳ್ಳೋ ಹಾಗಿಲ್ಲ, ಅಲ್ಲಿನ ಪೌರತ್ವ ತಗೊಂಡು ಒಸಿಐ ಕಾರ್ಡ್ ಮಾಡಿಸಿದೋರಿಗೂ ಅದೇ ನಿಯಮ. ಅಪ್ಪನಿಂದ ವಾರಸಾಗಿ ಬಂದಿದ್ದನ್ನ ಇಟ್ಕೋಬಹುದು, ಮಾರೋದಾದ್ರೆ ಇಲ್ಲೇ ವಾಸ ಇರೋ ಭಾರತೀಯರಿಗೇ ಮಾರ್ಬೇಕು. ಭಾರತ ಎರಡು ಪೌರತ್ವ ಒಪ್ಪಲ್ಲ, ಬೇರೆ ದೇಶದ ಪೌರತ್ವ ತಗೊಂಡ ದಿನವೇ ಇಲ್ಲಿನದು ಹೋಗುತ್ತೆ, 2022ರಲ್ಲಿ 2,25,620 ಜನ, 2023ರಲ್ಲಿ 2,16,219 ಜನ ಹೀಗೆ ಬಿಟ್ಟಿದ್ದಾರೆ. ಒಸಿಐ ಇದ್ರೆ ಬಂದು ಹೋಗಬಹುದು, ಇಲ್ಲೇ ಇರಬಹುದು, ವೋಟ್ ಹಾಕೋ ಹಾಗಿಲ್ಲ.

ಅಪ್ಪ ಅಮ್ಮನ್ನ ಆಮೇಲೆ ಅಲ್ಲಿಗೇ ಕರೆಸ್ಕೋತೀನಿ ಅನ್ನೋದೂ ಹೇಳಿದಷ್ಟು ಸುಲಭ ಇಲ್ಲ. ಕೆನಡಾದಲ್ಲಿ ಅಪ್ಪ ಅಮ್ಮನಿಗೆ ಪಿಆರ್ ಕೊಡಿಸೋ ಸ್ಕೀಮಿಗೆ 2025ರಲ್ಲೂ 2020ರಲ್ಲಿ ಹೆಸರು ಕೊಟ್ಟೋರನ್ನೇ ಕರೀತಿದ್ರು, ಹೊಸಬರ ಹೆಸರು ತಗೊಂಡೇ ಇಲ್ಲ, ಸೂಪರ್ ವೀಸಾ ಅನ್ನೋ ವಿಸಿಟ್ ವೀಸಾದಲ್ಲಿ ಹೋಗಿ ಒಂದು ಸಲಕ್ಕೆ ಐದು ವರ್ಷ ಇರಬಹುದು ಅಷ್ಟೇ, ಅದಕ್ಕೂ ಪ್ರೈವೇಟ್ ಹೆಲ್ತ್ ಇನ್ಶೂರೆನ್ಸ್ ಕಟ್ಬೇಕು. ಆಸ್ಟ್ರೇಲಿಯಾದಲ್ಲಿ ಜಾಸ್ತಿ ದುಡ್ಡಿನ ಪೇರೆಂಟ್ ವೀಸಾಗೆ ಒಬ್ಬೊಬ್ಬರಿಗೆ ಹತ್ತಿರ ಹತ್ತಿರ ಅಲ್ಲಿನ 48 ಸಾವಿರ ಡಾಲರ್, ಕಡಿಮೆ ದುಡ್ಡಿನದಕ್ಕೆ ದಶಕಗಳ ಕ್ಯೂ. ಅಂದ್ರೆ ಹೆಚ್ಚಿನ ಮನೆಗಳಲ್ಲಿ ಅಪ್ಪ ಅಮ್ಮ ಇಲ್ಲೇ ಇರ್ತಾರೆ, ತೋಟದ ಮಧ್ಯೆ ಒಂಟಿ ಮನೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಮಡಿಕೇರಿಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇದೆ, ಆದ್ರೂ ಹಾರ್ಟಿಂದೋ ಬ್ರೈನಿಂದೋ ಅಂದ್ರೆ ಮೈಸೂರಿಗೋ ಮಂಗಳೂರಿಗೋ ಓಡ್ಬೇಕು, ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಅದ್ರಲ್ಲಿ ಘಾಟಿ ರಸ್ತೆ ಬೇರೆ. ರಾತ್ರಿ ಹೊತ್ತು ಯಾರು ಗಾಡಿ ಓಡಿಸ್ತಾರೆ, ಯಾರು ಜೊತೆ ಇರ್ತಾರೆ, ಆಸ್ಪತ್ರೇಲಿ ಯಾರು ಸೈನ್ ಹಾಕ್ತಾರೆ, ಇದನ್ನ ವೀಸಾ ಬಂದ ಖುಷೀಲಿ ಯಾರೂ ಮಾತಾಡಲ್ಲ. ಊರಲ್ಲೇ ಉಳಿದ ಅಣ್ಣನೋ ತಂಗಿನೋ ಅದನ್ನೆಲ್ಲ ಹೊತ್ಕೋತಾರೆ, ಪಾಲು ಮಾಡೋವಾಗ ಅದು ಲೆಕ್ಕಕ್ಕೇ ಬರಲ್ಲ, ಆಮೇಲೆ ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲ ಮನೆಗೆ ಸೇರೋ ಹಬ್ಬಗಳಲ್ಲೂ ಮಾತು ಬಿಟ್ಟಿರ್ತಾರೆ. ಹೊರಡೋ ಮುಂಚೆ ಕೂತು ಮಾತಾಡಿ, ತಿಂಗಳಿಗೆ ಇಷ್ಟು ಕಳಿಸ್ತೀನಿ, ತೋಟದ ಆದಾಯ ನೋಡ್ಕೊಂಡೋರಿಗೇ, ಆಸ್ಪತ್ರೆ ಖರ್ಚು ನಂದು ಅಂತ ಬರೆದಿಟ್ಕೊಂಡ್ರೆ ಎಷ್ಟೋ ಮನೆ ಉಳಿಯುತ್ತೆ.

ಬರೆದಿಡೋ ವಿಷಯ ಬಂತಲ್ಲ, ಇದೊಂದು ಹೇಳಿ ಮುಗಿಸ್ತೀನಿ. ತೋಟದ ಪೇಪರು, ಖಾತೆ, ಪಾಲು, ಬ್ಯಾಂಕು, ಇವಕ್ಕೆಲ್ಲ ಸೈನ್ ಹಾಕೋ ಅಧಿಕಾರ ಊರಲ್ಲಿ ಇರೋ ಯಾರಿಗಾದ್ರೂ ಕೊಡಬೇಕಾಗುತ್ತೆ, ಪವರ್ ಆಫ್ ಅಟಾರ್ನಿ. ಅಲ್ಲಿ ಹೋದ್ಮೇಲೆ ಮಾಡಿಸೋದಾದ್ರೆ ಭಾರತದ ಎಂಬಸಿಗೋ ಕಾನ್ಸುಲೇಟಿಗೋ ಹೋಗಿ ಅಟೆಸ್ಟ್ ಮಾಡಿಸಿ, ಪೋಸ್ಟಲ್ಲಿ ಕಳಿಸಿ, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಹುಡುಗ ಇರೋ ಊರಿಂದ ಕಾನ್ಸುಲೇಟ್ ಸಾವಿರ ಕಿಲೋಮೀಟರ್ ದೂರ ಇರಬಹುದು. ಇಲ್ಲೇ ಇದ್ದಾಗ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಬೆಳಿಗ್ಗೆಯ ಕೆಲಸ ಅದು. ಯಾವ ಯಾವ ಕೆಲಸಕ್ಕೆ ಮಾತ್ರ ಅಧಿಕಾರ ಅಂತ ಸರಿಯಾಗಿ ಬರೆಸಿ, ಮಾರೋ ಅಧಿಕಾರ ಬೇಡ ಅಂದ್ರೆ ಬೇಡ ಅಂತಲೇ ಬರೆಸಿ, ಒರಿಜಿನಲ್ ಅಮ್ಮನ ಹತ್ರ ಇರ್ಲಿ.